ಬೆಲೆ ಕೇಳುವವನ ಅಕ್ಕ

ಅಕ್ಕ ತನ್ನನ್ನು ಸುಳ್ಳುಗಾರ ಅಂದದ್ದನ್ನು ತಮ್ಮ ಕೇಳಿಸಿಕೊಂಡದ್ದು ಕ್ಷೌರದಂಗಡಿಯ ಕುರ್ಚಿಯಲ್ಲಿ, ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡು ಕೂತಿದ್ದಾಗ.

ಕನ್ನಡಿಯ ಮೇಲೆ ಒಂದು ಟೀವಿ ಇತ್ತು. ಅದರಲ್ಲಿ ಸಂಸತ್ತಿನ ಬಜೆಟ್ ಚರ್ಚೆಯ ನೇರ ಪ್ರಸಾರ. ಹಣಕಾಸು ಮಂತ್ರಿಗಳು ಆಗತಾನೇ ಮುಕ್ಕಾಲು ಗಂಟೆ ಮಾತಾಡಿ, ದೇಶದ ಆರ್ಥಿಕ ಸ್ಥಿತಿ ಹಾಲು ಕುಡಿದು ಮಲಗಿದ ಮಗುವಿನಷ್ಟು ನೆಮ್ಮದಿಯಾಗಿದೆ ಎಂದು ಹೇಳಿ ಕೂತಿದ್ದರು. ವಿರೋಧ ಪಕ್ಷದ ಮೊದಲ ಸಾಲಿನಿಂದ ಅಕ್ಕ ಎದ್ದಳು. ಅವಳು ಎದ್ದರೆ ಮೈಕು ಯಾಕೆ ಬೇಕು ಎಂದು ಪತ್ರಿಕೆಯವರು ತಮಾಷೆ ಮಾಡುತ್ತಿದ್ದರು. ಜನ ಅವಳಿಗೆ ಇಟ್ಟ ಹೆಸರೇ ಗುಡುಗಮ್ಮ.

"ಸಭಾಧ್ಯಕ್ಷರೇ, ಬೆಲೆ ಏರಿದ್ದು ನೂರಕ್ಕೆ ಬರೀ ನಾಲ್ಕು ಅಂತಾರೆ ಮಂತ್ರಿಗಳು. ಯಾವ ಲೋಕದ ನಾಲ್ಕು ಇದು? ಈ ಲೆಕ್ಕ ಬರೆದವನು ಮಾರುಕಟ್ಟೆಯ ಮುಖ ನೋಡಿಲ್ಲ. ಫ್ಯಾನಿನ ಕೆಳಗೆ ಕೂತು, ಮೇಲಿನವರು ಹೇಳಿದ ಅಂಕಿ ತುಂಬಿ, ಸಂಬಳ ತಗೊಂಡು ಮನೆಗೆ ಹೋಗಿದ್ದಾನೆ. ಸುಳ್ಳುಗಾರರ ಲೆಕ್ಕ ಇದು!"

"ಸರಿಯಾಗಿ ಕೊಟ್ರು ನೋಡಿ!" ಎಂದು ಕ್ಷೌರಿಕ ಕತ್ತಿ ಹಿಡಿದ ಕೈಯನ್ನೇ ಎತ್ತಿ ಖುಷಿಪಟ್ಟ. ಆಮೇಲೆ ಕನ್ನಡಿಯಲ್ಲಿ ಗಿರಾಕಿಯ ಮುಖ ಕಂಡು ಗಾಬರಿಯಾದ. "ಯಾಕ್ ಸಾರ್, ಕತ್ತಿ ತಾಗ್ತಾ?"

"ಕತ್ತಿಯಲ್ಲ. ನೀವು ಮುಗಿಸಿ," ಎಂದ ತಮ್ಮ.

ಆ ಲೆಕ್ಕ ಬರೆದವನು ಅವನೇ. ಅವನೊಬ್ಬನೇ ಅಲ್ಲ, ದೇಶದ ತುಂಬ ಅವನಂಥ ಇನ್ನೂರು ಚಿಲ್ಲರೆ ಜನ ಇದ್ದರು. ಅಂಕಿಅಂಶ ಕಚೇರಿಯ ಬೆಲೆ ವಿಭಾಗದಲ್ಲಿ ಅವನಿಗೆ ಇಪ್ಪತ್ತಾರು ವರ್ಷದ ಸರ್ವಿಸು. ವಾರದಲ್ಲಿ ಮೂರು ದಿನ ಮೂರು ಮಾರುಕಟ್ಟೆ, ಅರವತ್ತೆರಡು ಅಂಗಡಿ, ಇನ್ನೂರ ಹನ್ನೊಂದು ವಸ್ತು. ಅದೇ ಅಂಗಡಿ, ಅದೇ ವಾರ, ಅದೇ ವಸ್ತು, ಅದೇ ತೂಕ. ಒಂದನ್ನು ತಪ್ಪಿಸಿದರೂ ಹಳೆಯ ಬೆಲೆಗೂ ಹೊಸ ಬೆಲೆಗೂ ತಾಳೆ ಕೂರುವುದಿಲ್ಲ. ಮೊಟ್ಟೆಯಿಂದ ಹಿಡಿದು ಛತ್ರಿ ರಿಪೇರಿಯವರೆಗೆ ಎಲ್ಲದರ ಬೆಲೆ ಕೇಳುತ್ತಾನೆ, ಯಾವುದನ್ನೂ ಕೊಳ್ಳುವುದಿಲ್ಲ. ಅಂಗಡಿಯವರು ಅವನನ್ನು ಕರೆಯುವುದು ರೇಟುರಾಯರು ಅಂತ.

ಅಕ್ಕನಿಗೆ ಇದು ಗೊತ್ತಿರಲಿಲ್ಲವೇ ಎಂದರೆ, ನಿಜವಾಗಿ ಗೊತ್ತಿರಲಿಲ್ಲ. ತಮ್ಮ ಏನೋ ಆಫೀಸಿನಲ್ಲಿ ಏನೋ ಬರೆಯುತ್ತಾನೆ ಎಂಬಷ್ಟೇ ಅವಳ ತಿಳಿವಳಿಕೆ. ಹದಿನಾಲ್ಕು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿ ಸ್ಟಾಪಿನ ಹೆಸರು ಕೂಗಿ ಕೂಗಿ ಗಂಟಲು ಬೆಳೆಸಿಕೊಂಡವಳು. ಕಾರ್ಮಿಕ ಸಂಘದ ನಾಯಕಿಯಾಗಿ, ಮೊದಲ ಸಲ ಸಂಸತ್ತಿಗೆ ಆರಿಸಿ ಬಂದ ದಿನವೇ ತಮ್ಮನ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದಳು: "ನೋಡು ಪುಟ್ಟ, ನೀನು ಸರ್ಕಾರದ ಉಪ್ಪು ತಿನ್ನೋನು, ನಾನು ಸರ್ಕಾರದ ಕಾಲು ಎಳೆಯೋಳು. ಮನೆಗೆ ಬಂದಾಗ ನಿನ್ನ ಆಫೀಸು ನೀನು ತರಬೇಡ, ನನ್ನ ಪಾರ್ಟಿ ನಾನು ತರಲ್ಲ." ಐವತ್ತೊಂದು ವರ್ಷದ ತಮ್ಮ ಅವಳಿಗೆ ಇನ್ನೂ ಪುಟ್ಟನೇ. ಹತ್ತು ವರ್ಷದಿಂದ ಇಬ್ಬರೂ ಆ ಮಾತಿಗೆ ತಪ್ಪಿರಲಿಲ್ಲ. ಹಾಗಾಗಿಯೇ ಈ ಎಡವಟ್ಟು.

ಭಾನುವಾರ ಅಕ್ಕ ಊಟಕ್ಕೆ ಬಂದಳು. ಅಮ್ಮ ಇದ್ದದ್ದು ತಮ್ಮನ ಮನೆಯಲ್ಲೇ. ಎರಡನೇ ಮಹಡಿ, ಎರಡು ಕೋಣೆ, ರಸ್ತೆಯ ಕಡೆಗೆ ಒಂದು ಬಾಲ್ಕನಿ. ಅಕ್ಕ ಮೆಟ್ಟಿಲು ಹತ್ತುವಾಗಲೇ ಅವಳ ದನಿ ಒಳಗೆ ಬಂದಿತ್ತು. ಚಪ್ಪಲಿ ಬಿಡುತ್ತಲೇ, "ಅಮ್ಮಾ, ನೋಡಿದ್ಯಾ ಟೀವೀಲಿ? ಮಂತ್ರಿ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು!" ಎಂದಳು.

"ನೋಡಿದೆ," ಎಂದಳು ಅಮ್ಮ. ಎಂಬತ್ತೆರಡು ವರ್ಷ, ಕಣ್ಣು ಮಂಜು, ಕಿವಿ ಮಾತ್ರ ಚುರುಕು. "ಇವನ ಮುಖಾನೂ ಹಾಗೇ ಆಗಿದೆ, ಗುರುವಾರದಿಂದ. ಯಾಕೆ ಅಂತ ಕೇಳು."

ತಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನ ಹೆಂಡತಿ ಬಡಿಸುತ್ತಿದ್ದವಳು ಗಂಡನ ಕಡೆ ಕಣ್ಣು ಹೊರಳಿಸಿ, "ಹೇಳಿಬಿಡ್ರೀ. ನಾಲ್ಕು ದಿನದಿಂದ ಮೂರು ಹೊತ್ತೂ ಅದನ್ನೇ ನುಂಗ್ತಿದ್ದೀರಿ," ಎಂದಳು.

"ಮಾರುಕಟ್ಟೆಯ ಮುಖ ನೋಡದವನು ನಾನೇ, ಅಕ್ಕ," ಎಂದ ಅವನು. "ಸುಳ್ಳುಗಾರ ಅಂದ್ಯಲ್ಲ, ಅವನು."

ಅಕ್ಕ ಮೊದಲು ನಕ್ಕಳು. ಆಮೇಲೆ ಎಲ್ಲರ ಮುಖ ನೋಡಿದಳು. ಯಾರೂ ನಗುತ್ತಿರಲಿಲ್ಲ.

"ನಿನಗೆ ಅಂದಿದ್ದಲ್ವೋ ಪುಟ್ಟ. ಸರ್ಕಾರಕ್ಕೆ ಅಂದಿದ್ದು."

"ಸರ್ಕಾರ ಮಾರ್ಕೆಟ್ಟಿಗೆ ಹೋಗಲ್ಲ. ನಾನು ಹೋಗ್ತೀನಿ. ಮಳೆ ಬರಲಿ, ಬಿಸಿಲು ಬರಲಿ, ಮಂಗಳವಾರ ಅಂದ್ರೆ ಮಂಗಳವಾರ." ದನಿ ಏರಿಸುವುದು ಅವನಿಗೆ ಗೊತ್ತಿರಲಿಲ್ಲ. ಅದಕ್ಕೇ ಅವನ ಮಾತು ಹೆಚ್ಚು ಚುಚ್ಚಿತು. "ಕ್ಷೌರದಂಗಡಿಯವನು ಕತ್ತಿ ಎತ್ತಿ ಖುಷಿಪಟ್ಟ. ನಾನು ಅವನ ಕೈ ಕೆಳಗೆ ಕುತ್ತಿಗೆ ಕೊಟ್ಕೊಂಡು ಕೂತಿದ್ದೆ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ಯಲ್ಲೇ," ಎಂದಳು ಅಮ್ಮ.

ಅಕ್ಕನಿಗೆ ತಪ್ಪು ಅರ್ಥವಾಗಿತ್ತು. ಆದರೆ ಒಪ್ಪಿಕೊಂಡು ಅಭ್ಯಾಸವಿರಲಿಲ್ಲ. ಚಿಕ್ಕವಳಿದ್ದಾಗ ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಮಾಡಿದವಳು. ತಮ್ಮನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟವಳು, ಅವನನ್ನು ಗೋಳು ಹೊಯ್ದುಕೊಂಡ ಹುಡುಗರ ಕಿವಿ ಹಿಂಡಿದವಳು. ಅಂಥವಳು ಸೋಲುವಾಗಲೂ ಮೊದಲು ಒಂದು ಸುತ್ತು ಜಗಳ ಆಡಬೇಕಿತ್ತು.

"ಹಾಗಾದ್ರೆ ಬೆಲೆ ಏರಿಲ್ಲ ಅಂತೀಯಾ? ನನ್ನ ಕ್ಷೇತ್ರದ ಹೆಂಗಸರು ಖಾಲಿ ಚೀಲ ಹಿಡ್ಕೊಂಡು ಬಂದು ಅಳ್ತಾರಲ್ಲ, ಅವರು ಸುಳ್ಳು ಹೇಳ್ತಾರಾ?"

"ಅವರೂ ಸುಳ್ಳಲ್ಲ. ನಾನೂ ಸುಳ್ಳಲ್ಲ."

"ಮತ್ತೆ ಸುಳ್ಳು ಯಾರದ್ದೋ?"

"ಅದು ನನ್ನ ಬಾಯಿಂದ ಬರೋ ಹಾಗಿಲ್ಲ. ನಾನು ನೌಕರ. ಬರೆದದ್ದೆಲ್ಲ ಅಚ್ಚಾಗಿದೆ, ಪುಸ್ತಕ ನಿಮ್ಮ ಸಂಸತ್ತಿನ ಲೈಬ್ರರೀಲೇ ಇದೆ. ಓದ್ಕೋ."

ಅಕ್ಕ ಅನ್ನ ಕಲಸತೊಡಗಿದಳು. ಆ ಪುಸ್ತಕದ ಮೊದಲ ಎರಡು ಪುಟ ಬಿಟ್ಟರೆ ಅವಳು ಏನೂ ಓದಿರಲಿಲ್ಲ. ಪಕ್ಷದ ಕಚೇರಿಯವರು ಬರೆದುಕೊಟ್ಟ ಟಿಪ್ಪಣಿ ಹಿಡಿದು ಗುಡುಗಿದ್ದಳು.

ಅಮ್ಮ ಕೈ ತೊಳೆಯುತ್ತಾ ತೀರ್ಪು ಕೊಟ್ಟಳು. "ಇಬ್ರೂ ನನ್ನ ಹೊಟ್ಟೇಲೇ ಹುಟ್ಟಿದ್ದು. ಒಬ್ಬಳಿಗೆ ಬರೀ ಬಾಯಿ, ಒಬ್ಬನಿಗೆ ಬರೀ ಕಿವಿ. ಮಂಗಳವಾರ ಅವನ ಜೊತೆ ಹೋಗಿ ನೋಡೇ, ಗೊತ್ತಾಗುತ್ತೆ."

"ಮಾರ್ಕೆಟ್ಟು ಎಲ್ಲರದ್ದು. ಬರಬೇಡ ಅನ್ನೋಕೆ ನಾನ್ಯಾರು," ಎಂದ ತಮ್ಮ. "ಆದ್ರೆ ಹತ್ತು ಹೆಜ್ಜೆ ಹಿಂದೆ ಇರಬೇಕು. ಬಾಯಿ ಮುಚ್ಕೊಂಡಿರಬೇಕು."

"ಬಾಯಿ ಮುಚ್ಕೊಂಡು?" ಎಂದಳು ಅಕ್ಕ, ಉಪವಾಸ ಮಾಡು ಅಂದ ಹಾಗೆ. ನಾಲ್ಕು ದಿನದ ಮೇಲೆ ಆ ಮನೆಯಲ್ಲಿ ಮೊದಲ ಸಲ ನಗು ಕೇಳಿಸಿತು.

ಮಂಗಳವಾರ ಬೆಳಗ್ಗೆ ಅಕ್ಕ ತಲೆಗೆ ಬಟ್ಟೆ ಸುತ್ತಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಬಂದಳು. ಆ ವೇಷದಲ್ಲಿ ಇನ್ನಷ್ಟು ಎದ್ದು ಕಾಣುತ್ತಿದ್ದಳು. ತಮ್ಮ ಮುಂದೆ ನಡೆದ. ಹೆಗಲಿಗೆ ಒಂದು ಚೀಲ. ಅದರಲ್ಲಿ ರಟ್ಟಿನ ಹಾಳೆಗೆ ಸಿಕ್ಕಿಸಿದ ನಮೂನೆಗಳು, ಎರಡು ಪೆನ್ಸಿಲು, ಅಂಗೈಯಗಲದ ಒಂದು ತಕ್ಕಡಿ.

ಮೊದಲು ಮೊಟ್ಟೆ. ಆಮೇಲೆ ಆಲೂಗಡ್ಡೆ, ಈರುಳ್ಳಿ, ಹಾಲು, ಬ್ರೆಡ್ಡು. ಒಂದು ಕಡೆ ಬೆಲೆ ಬರೆದುಕೊಂಡು ನಾಲ್ಕು ಅಂಗಡಿ ದಾಟಿದವನು ಮತ್ತೆ ವಾಪಸು ಹೋದ. ಅಂಗಡಿಯವನು ಹೇಳಿದ್ದು ಒಂದು ಕಿಲೋದ ಬೆಲೆಯೋ, ಐದು ಕಿಲೋ ಕೊಂಡರೆ ಬೀಳುವ ಬೆಲೆಯೋ ಎಂದು ಅನುಮಾನ ಬಂದಿತ್ತು. ಕೇಳಿದಾಗ ಐದು ಕಿಲೋದ್ದೇ ಆಗಿತ್ತು. ಅಳಿಸಿ ತಿದ್ದಿದ. ಒಂದು ಹಳೆಯ ಕಟ್ಟಡದ ಮೂರು ಮಹಡಿ ಹತ್ತಿ, ಕೂಲಿಯವರು ತಂಗುವ ಕೋಣೆಯಲ್ಲಿ ಒಂದು ಮಂಚಕ್ಕೆ ವಾರದ ಬಾಡಿಗೆ ಎಷ್ಟು ಎಂದು ಕೇಳಿ ಇಳಿದ. ಅಕ್ಕ ಎರಡನೇ ಮಹಡಿಯಲ್ಲೇ ಕೂತು ಏದುಸಿರು ಬಿಡುತ್ತಿದ್ದಳು. ದಾಟಿ ಹೋಗುವಾಗ ಅವನು ನೀರಿನ ಬಾಟಲಿಯನ್ನು ಅವಳ ಪಕ್ಕ ಇಟ್ಟು ಹೋದ.

ಮಾರುಕಟ್ಟೆಯ ತುದಿಯಲ್ಲಿ ಒಂದು ದಿನಸಿ ಅಂಗಡಿ. ನಡೆಸುವವಳು ದಪ್ಪ ಕನ್ನಡಕದ ಹೆಂಗಸು. ಅಲ್ಲಿ ಅವನು ಬಟ್ಟೆ ಒಗೆಯುವ ಅಗ್ಗದ ಹಳದಿ ಸೋಪೊಂದನ್ನು ಕೇಳಿ ತಕ್ಕಡಿಯಲ್ಲಿಟ್ಟ. "ಬೆಲೆ ಹೋದ ತಿಂಗಳದ್ದೇ. ತೂಕ ಮಾತ್ರ ನೂರಿಪ್ಪತ್ತೈದು ಗ್ರಾಂ ಇದ್ದದ್ದು ನೂರಾಗಿದೆ," ಎಂದು ತನಗೆ ತಾನೇ ಹೇಳಿಕೊಂಡು ಬರೆದ. ದುಬಾರಿ ಸೋಪನ್ನೂ ತೂಗಿದ. ಅದರ ಬೆಲೆಯೂ ತೂಕವೂ ಇದ್ದ ಹಾಗೇ ಇದ್ದವು.

ಅಕ್ಕನಿಗೆ ತಡೆಯಲಾಗಲಿಲ್ಲ. ಹತ್ತು ಹೆಜ್ಜೆ ಐದಾಯಿತು, ಐದು ಒಂದಾಯಿತು. "ಅಂದ್ರೆ ಬಡವರ ಸೋಪಿಗೆ ಮಾತ್ರ ಕತ್ತರಿನಾ?"

ಆ ದನಿ ಕೇಳಿದ್ದೇ ತಡ, ಅಂಗಡಿಯಾಕೆ ಕನ್ನಡಕ ಮೇಲೆ ತಳ್ಳಿದಳು. "ನೀವು ಟೀವೀಲಿ ಬರೋ ಗುಡುಗಮ್ಮ ಅಲ್ವಾ? ಮೊನ್ನೆ ಏನೋ ಅಂದ್ರಲ್ಲ, ಲೆಕ್ಕ ಬರೆಯೋರು ಮಾರ್ಕೆಟ್ಟಿನ ಮುಖ ನೋಡಲ್ಲ ಅಂತ? ಈ ಮನುಷ್ಯನ್ನ ಕೇಳಿ. ಹದಿನೆಂಟು ವರ್ಷದಿಂದ ನನ್ನ ತಲೆ ತಿಂತಿದ್ದಾರೆ. ಒಂದು ಬೆಂಕಿಪೊಟ್ಟಣ ಕೊಂಡೋರಲ್ಲ!" ಆಮೇಲೆ ದನಿ ತಗ್ಗಿಸಿದಳು. "ನಮ್ಮೆಜಮಾನ್ರು ಹೋದ ಮೇಲೆ ಒಂದು ವಾರ ಅಂಗಡಿ ತೆಗೆದಿರಲಿಲ್ಲ. ಎಂಟನೇ ದಿನ ಶಟರಿಗೆ ಕೈ ಹಾಕಿದ್ರೆ ಮೇಲೇಳಲಿಲ್ಲ, ಅದನ್ನ ಎತ್ತಿ ಅಭ್ಯಾಸ ಇದ್ದದ್ದು ಅವರಿಗೆ. ಅಲ್ಲೇ ಕೂತು ಅಳ್ತಿದ್ದೆ. ಇವರು ಬಂದ್ರು, ಶಟರ್ ಎತ್ತಿದ್ರು, ಒಳಗೆ ದೀಪ ಹಾಕಿದ್ರು. ಅವತ್ತೊಂದಿನ ಬೆಲೆ ಕೇಳದೆ ಹೋದ್ರು."

"ಅವತ್ತಿನ ಕಾಲಂ ಖಾಲಿ ಬಿಟ್ಟಿದ್ದಕ್ಕೆ ಆಫೀಸಲ್ಲಿ ವಿವರಣೆ ಕೇಳಿದ್ರು," ಎಂದ ತಮ್ಮ, ಪೆನ್ಸಿಲ್ಲಿನ ಕಡೆ ನೋಡುತ್ತಾ.

ಅಕ್ಕ ಕಪ್ಪು ಕನ್ನಡಕ ತೆಗೆದು ಒರೆಸಿಕೊಂಡಳು. ಕನ್ನಡಕವನ್ನೂ, ಕಣ್ಣನ್ನೂ. ಆಮೇಲೆ ತಾನಾಗಿಯೇ ಹತ್ತು ಹೆಜ್ಜೆ ಹಿಂದಕ್ಕೆ ಹೋಗಿ ನಿಂತಳು.

ಬುಧವಾರ ಅವಳು ಸಂಸತ್ತಿನ ಲೈಬ್ರರಿಯಲ್ಲಿ ಪುಸ್ತಕ ಹಿಡಿದು ಕೂತಳು. ಗುರುವಾರ, ಶುಕ್ರವಾರವೂ ಕೂತಳು. ನಡುವೆ ಒಂದೇ ಸಲ ತಮ್ಮನಿಗೆ ಫೋನು ಮಾಡಿ, "ಈ ತೂಕದ ಸರಾಸರಿ ಅಂದ್ರೆ ಏನೋ?" ಎಂದು ಕೇಳಿದಳು.

"ಪುಟ ಏಳರಲ್ಲಿ ಅರ್ಥ ಕೊಟ್ಟಿದೆ," ಎಂದು ಅವನು ಫೋನು ಇಟ್ಟ. ಅಕ್ಕನೇ ಆದರೂ ನಿಯಮ ನಿಯಮವೇ. ಆದರೆ ಸಂಜೆ ಮನೆಗೆ ಬಂದವನು ಹೆಂಡತಿಯ ಹತ್ತಿರ, "ಪುಟ ಏಳಕ್ಕೆ ಬಂದಿದ್ದಾಳೆ ಕಣೆ. ಇನ್ನು ಮೂವತ್ತಾರು ಪುಟ," ಎಂದ. ಅದು ಯಾಕೆ ಮೂವತ್ತಾರು ಎಂದು ಅವಳಿಗೆ ಅರ್ಥವಾಗಲಿಲ್ಲ. ಅವನ ಮುಖ ತಿಳಿಯಾದದ್ದು ಮಾತ್ರ ಕಾಣಿಸಿತು.

ಮುಂದಿನ ಗುರುವಾರ ಬಜೆಟ್ ಚರ್ಚೆಯ ಕೊನೆಯ ದಿನ. ತಮ್ಮ ರಜೆ ಹಾಕಿ, ಜೀವನದಲ್ಲಿ ಮೊದಲ ಸಲ ಸಂಸತ್ತಿನ ಪ್ರೇಕ್ಷಕರ ಗ್ಯಾಲರಿಗೆ ಹೋದ. ಕಾವಲಿನವರು ಪೆನ್ಸಿಲು ಸಮೇತ ಚೀಲ ಬಾಗಿಲಲ್ಲೇ ಇಡಿಸಿಕೊಂಡಿದ್ದರಿಂದ ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಮೇಲಿಂದ ನೋಡಿದರೆ ಟೀವಿಯಲ್ಲಿ ಅಷ್ಟು ಎತ್ತರ ಕಾಣುವ ಅಕ್ಕ ಚಿಕ್ಕವಳಾಗಿ ಕಂಡಳು. ನೆತ್ತಿಯ ಕೂದಲು ತೆಳ್ಳಗಾಗಿತ್ತು. ಅದು ಅವನಿಗೆ ಗೊತ್ತೇ ಇರಲಿಲ್ಲ.

"ಸಭಾಧ್ಯಕ್ಷರೇ," ಎಂದಳು ಅಕ್ಕ. ಗುಡುಗಲಿಲ್ಲ. "ಎರಡು ವಾರದ ಕೆಳಗೆ ನಾನು ಇಲ್ಲಿ ಒಂದು ತಪ್ಪು ಮಾತಾಡಿದೆ. ಬೆಲೆಯ ಲೆಕ್ಕ ಬರೆಯೋರನ್ನ ಸುಳ್ಳುಗಾರರು ಅಂದೆ. ಅವರು ಸುಳ್ಳುಗಾರರಲ್ಲ. ಹೋಗಿ ನೋಡಿ ಬಂದೆ. ಅವರ ಲೆಕ್ಕ ಸರಿಯಾಗಿದೆ. ನನ್ನ ಮಾತು ವಾಪಸು ತಗೋತೀನಿ, ಕ್ಷಮೆ ಕೇಳ್ತೀನಿ."

ಆಡಳಿತ ಪಕ್ಷದವರು ಮೇಜು ಕುಟ್ಟಿದ್ದೇ ಕುಟ್ಟಿದ್ದು. ಮಂತ್ರಿಗಳು ಕೈ ಜೋಡಿಸಿ ನಕ್ಕರು. ಅಕ್ಕನ ಪಕ್ಷದ ನಾಯಕರು ಹಣೆಗೆ ಕೈ ಹಚ್ಚಿಕೊಂಡರು. ತಪ್ಪೊಪ್ಪಿಕೊಳ್ಳಬೇಡ ಎಂದು ಬೆಳಗ್ಗೆ ಮೂರು ಸಲ ಹೇಳಿ ಕಳಿಸಿದ್ದರು. ಗ್ಯಾಲರಿಯಲ್ಲಿ ತಮ್ಮ ತೊಡೆಯ ಕೆಳಗಿಂದ ಕೈ ತೆಗೆದ. ಇಷ್ಟು ಸಾಕಾಗಿತ್ತು ಅವನಿಗೆ. ಎದ್ದು ಮನೆಗೆ ಹೋಗಬಹುದಿತ್ತು.

ಅಕ್ಕ ಗದ್ದಲ ಮುಗಿಯುವವರೆಗೆ ಕಾದಳು, ಟಿಕೆಟ್ಟಿಗೆ ಚಿಲ್ಲರೆ ಹುಡುಕುವವರನ್ನು ಕಾದ ಹಾಗೆ. ಆಮೇಲೆ ಕೇಳಿದಳು: "ಲೆಕ್ಕ ಸರಿ ಅಂತ ಇಬ್ಬರೂ ಒಪ್ಪಿದ ಮೇಲೆ ಒಂದು ಪ್ರಶ್ನೆ. ಮಂತ್ರಿಗಳು ಅದನ್ನ ಓದಿದ್ದಾರಾ? ಪುಟ ನಲವತ್ತಮೂರು ಓದಿದ್ದಾರಾ?"

ಮಂತ್ರಿಗಳ ನಗು ಮುಖದ ಮೇಲೇ ಉಳಿಯಿತು, ಆದರೆ ಕಣ್ಣು ಅಧಿಕಾರಿಗಳು ಕೂತ ಮೂಲೆಯ ಕಡೆ ಹೊರಳಿತು.

"ನಾನೇ ಓದ್ತೀನಿ. ಎಲ್ಲಾ ಸೇರಿಸಿದ್ರೆ ಬೆಲೆ ಏರಿದ್ದು ನೂರಕ್ಕೆ ನಾಲ್ಕು, ನಿಜ. ಕಾರು ಅಗ್ಗ ಆಗಿದೆ, ದೊಡ್ಡ ಟೀವಿ ಅಗ್ಗ ಆಗಿದೆ, ವಿಮಾನದ ಟಿಕೆಟ್ಟು ಅಗ್ಗ ಆಗಿದೆ. ಆದ್ರೆ ಬಡವರು ಕೊಳ್ಳೋ ಅಗ್ಗದ ಬ್ರೆಡ್ಡು, ಅಗ್ಗದ ಎಣ್ಣೆ, ಅಗ್ಗದ ಸೋಪು, ಮಂಚದ ಬಾಡಿಗೆ, ಇವನ್ನೇ ಬೇರೆಯಾಗಿ ನೋಡಿದ್ರೆ ಏರಿದ್ದು ನೂರಕ್ಕೆ ಹದಿಮೂರು! ನಿಮ್ಮದೇ ಕಚೇರಿ ಅಳೆದು, ತೂಗಿ, ಅಚ್ಚು ಹಾಕಿಸಿ ನಿಮ್ಮ ಕೈಗೆ ಕೊಟ್ಟಿದೆ."

"ಮಾನ್ಯ ಸದಸ್ಯರು ಸೋಪಿನ ತನಕ ಇಳಿದರೆ ಹೇಗೆ?" ಎಂದರು ಮಂತ್ರಿಗಳು ಎದ್ದು. "ಆರ್ಥಿಕತೆಯನ್ನು ಒಟ್ಟಾರೆ ನೋಡಬೇಕು. ಸರಾಸರಿ ನೋಡಬೇಕು."

"ಸರಾಸರಿ ನಂಗೂ ಗೊತ್ತು ಸ್ವಾಮಿ. ನಾನು ಬಸ್ಸಲ್ಲಿ ಕಂಡಕ್ಟರಾಗಿದ್ದೋಳು. ಬಸ್ಸಿಗೆ ಐವತ್ತು ಸೀಟು. ಬೆಳಗ್ಗೆ ಟ್ರಿಪ್ಪಿಗೆ ತೊಂಬತ್ತು ಜನ, ಬಾಗಿಲಲ್ಲಿ ನೇತಾಡ್ಕೊಂಡು ಬರೋರು. ಮಧ್ಯಾಹ್ನದ ಟ್ರಿಪ್ಪಿಗೆ ಹತ್ತೇ ಜನ. ಇನ್ನೊಂದು ಬಸ್ಸು ಬಿಡಿ ಅಂತ ಮ್ಯಾನೇಜರ್ ಹತ್ರ ಹೋದ್ರೆ, ಸರಾಸರಿ ಐವತ್ತು ಜನ, ಎಲ್ಲರಿಗೂ ಸೀಟು ಇದೆಯಲ್ಲಮ್ಮ ಅನ್ನೋರು. ಅವರ ಲೆಕ್ಕದಲ್ಲಿ ಒಂದು ತಪ್ಪಿಲ್ಲ. ನೇತಾಡಿದವನ ತೋಳು ಕೇಳಬೇಕಿತ್ತು ಅಷ್ಟೆ!"

ಈ ಸಲ ನಕ್ಕದ್ದು ಎರಡೂ ಕಡೆಯವರು. ಮುದುಕರಾದ ಸಭಾಧ್ಯಕ್ಷರೂ ಕರವಸ್ತ್ರದ ಹಿಂದೆ ಕೆಮ್ಮಿದರು. ಅಧಿಕಾರಿಗಳ ಮೂಲೆಯಿಂದ ಒಂದು ಚೀಟಿ ಬಂತು, ಇನ್ನೊಂದು ಬಂತು. ಮಂತ್ರಿಗಳು ಪುಸ್ತಕ ತರಿಸಿಕೊಂಡು ಪುಟ ತಿರುವಿದರು. ನಲವತ್ತಮೂರಕ್ಕೆ ಬಂದು ನಿಂತರು. ಓದಿದರು. ಕೊನೆಗೆ, "ಲಿಖಿತ ಉತ್ತರ ಕೊಡುತ್ತೇನೆ," ಎಂದು ಕೂತರು.

ಮತಕ್ಕೆ ಹಾಕಿದಾಗ ಗೆದ್ದದ್ದು ಸರ್ಕಾರವೇ. ಅವರ ಕಡೆ ತಲೆ ಜಾಸ್ತಿ ಇದ್ದವು. ಅಕ್ಕನಿಗೂ ಆದದ್ದು ಲಾಭವಲ್ಲ. ಕ್ಷಮೆ ಕೇಳಿದ್ದಕ್ಕೆ ಪಕ್ಷದ ನಾಯಕರು ಮುಂದಿನ ಅಧಿವೇಶನದಲ್ಲಿ ಅವಳನ್ನು ಐದನೇ ಸಾಲಿಗೆ ತಳ್ಳಿದರು. ತಮ್ಮನ ಕಚೇರಿಗೂ ಸುದ್ದಿ ಮುಟ್ಟಿ, ಗುಟ್ಟಿನ ಅಂಕಿ ಹೊರಗೆ ಕೊಟ್ಟಿದ್ದೀರಾ ಎಂದು ವಿವರಣೆ ಕೇಳಿದರು. ಪುಟ ನಲವತ್ತಮೂರು ಎಂಟು ವಾರದಿಂದ ಕಚೇರಿಯ ಕೌಂಟರಿನಲ್ಲೇ ಮಾರಾಟಕ್ಕಿದೆ, ಈವರೆಗೆ ಹನ್ನೊಂದು ಪ್ರತಿ ಹೋಗಿವೆ ಎಂದು ಅವನು ಒಂದೇ ಸಾಲಿನ ಉತ್ತರ ಬರೆದ. ಮೇಲಧಿಕಾರಿ ಅದನ್ನು ಓದಿ ನಕ್ಕು ಕಡತ ಮುಚ್ಚಿದರು. ನಾಲ್ಕು ತಿಂಗಳ ಮೇಲೆ ಅಡುಗೆ ಎಣ್ಣೆ ಮತ್ತು ಸೋಪಿನ ಮೇಲಿನ ತೆರಿಗೆ ಇಳಿಯಿತು. ಅದು ತಮ್ಮದೇ ದೂರದೃಷ್ಟಿ ಎಂದು ಮಂತ್ರಿಗಳು ಭಾಷಣ ಮಾಡಿದರು. ಪೊಟ್ಟಣಕ್ಕೆ ಎಷ್ಟು ಗ್ರಾಂ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಬೇಕೆಂದು ಕಾನೂನೂ ಬಂತು.

ಅದೆಲ್ಲ ಆಮೇಲಿನ ಮಾತು. ಆ ಗುರುವಾರ ಸಂಜೆ ಸಂಸತ್ತಿನ ಹಿಂದಿನ ಗೇಟಿನ ಹತ್ತಿರ ತಮ್ಮ ಚೀಲ ವಾಪಸು ಪಡೆದು ನಿಂತಿದ್ದ. ಅಕ್ಕ ಕಡತ ಹೊತ್ತುಕೊಂಡು ಒಬ್ಬಳೇ ಬಂದಳು. ಪಕ್ಷದವರು ಯಾರೂ ಜೊತೆಗಿರಲಿಲ್ಲ.

"ಹೇಗಿತ್ತೋ?" ಎಂದಳು. ಹೊಸದಾಗಿ ಕೆಲಸಕ್ಕೆ ಸೇರಿದವಳ ಹಾಗೆ ಕೇಳಿದಳು.

ತಮ್ಮ ಸ್ವಲ್ಪ ಯೋಚಿಸಿದ. "ಚೆನ್ನಾಗಿತ್ತು. ಒಂದ್ಕಡೆ ಅಂಕಿ ತಪ್ಪು ಹೇಳ್ದೆ. ಹದಿಮೂರಲ್ಲ. ಹನ್ನೆರಡು ಮುಕ್ಕಾಲು."

ಅಕ್ಕ ಅವನನ್ನೇ ದಿಟ್ಟಿಸಿದಳು. ಆಮೇಲೆ ಅಲ್ಲೇ ಗೇಟಿನ ಕಂಬ ಹಿಡಿದುಕೊಂಡು ನಕ್ಕಳು, ಕಾವಲಿನವನು ತಿರುಗಿ ನೋಡುವಷ್ಟು ನಕ್ಕಳು. "ಮುಕ್ಕಾಲು ಅಂದ್ರೆ ಯಾರ ತಲೆಗೂ ಹತ್ತಲ್ಲ ಕಣೋ!"

"ಹತ್ತಲಿ ಬಿಡಲಿ, ಅಚ್ಚಾಗಿರೋದು ಅದು."

"ಆಯ್ತು ಮಹಾರಾಯ. ನಾಳೆ ಎದ್ದು ತಿದ್ದಿಸ್ತೀನಿ. ಕಾಲು ಅಂಶಕ್ಕೂ ಕ್ಷಮೆ ಕೇಳ್ತೀನಿ, ಸರಿನಾ?" ಎಂದು ಕಡತದ ಅರ್ಧ ಭಾರ ಅವನ ಕೈಗೆ ಹಾಕಿದಳು. ಅವನು ಪೂರ್ತಿ ತೆಗೆದುಕೊಂಡ. ಇಬ್ಬರೂ ಬಸ್ಸಿನಲ್ಲಿ ಮನೆಗೆ ಬಂದರು. ದಾರಿಯಲ್ಲಿ ಕಂಡಕ್ಟರ್ ಹುಡುಗಿ ಅಕ್ಕನ ಗುರುತು ಹಿಡಿದು ಟಿಕೆಟ್ಟು ಬೇಡ ಎಂದಳು. ಅಕ್ಕ ಬೈದು ಎರಡು ಟಿಕೆಟ್ಟು ತೆಗೆದುಕೊಂಡಳು.

ಅಮ್ಮ ಬಾಲ್ಕನಿಯಲ್ಲೇ ಕಾದಿದ್ದಳು. ಸೊಸೆ ತಟ್ಟೆ ಹಾಕಿದ್ದಳು. ಅಕ್ಕ ಒಳಗೆ ಬಂದು, ಈ ಸಲ ದನಿ ಏರಿಸದೆ, "ನೋಡಿದ್ಯಾ ಅಮ್ಮಾ?" ಎಂದಳು.

"ನೋಡಿದೆ. ಬಸ್ಸಿನ ಕತೆ ಚೆನ್ನಾಗಿತ್ತು. ಮಂತ್ರಿ ಪಾಪ, ಬೆವರಿದ." ಅಮ್ಮ ಮಗಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡು, ಅವಳ ತೆಳುವಾದ ನೆತ್ತಿಯನ್ನು ಸವರಿದಳು. "ಆದ್ರೆ ನೀನು ತಪ್ಪಾಯ್ತು ಅಂದದ್ದು, ನಿನ್ನ ಹೆತ್ತ ಮೇಲೆ ಇದೇ ಮೊದಲು ಕೇಳಿದ್ದು ನಾನು. ಟೀವಿಯೋರು ಅದನ್ನ ಮತ್ತೆ ಯಾವಾಗ ಹಾಕ್ತಾರಂತೆ?"

"ಒಂಬತ್ತು ಗಂಟೆ ವಾರ್ತೆಯಲ್ಲಿ," ಎಂದ ತಮ್ಮ, ಕೈ ತೊಳೆಯಲು ಹೋಗುತ್ತಾ.

"ಹಾಗಾದ್ರೆ ಬೇಗ ಊಟ ಮುಗಿಸಿ," ಎಂದಳು ಅಮ್ಮ. ಅಕ್ಕ ಮರುಮಾತಾಡದೆ ತಟ್ಟೆ ಎಳೆದುಕೊಂಡಳು.